ಮುಂಬಯಿ ಫ್ಲ್ಯಾಟಿನಲ್ಲಿ ಜೋಲುಕಿವಿ ಮೊಲ: ಮೊದಲು ಹುಲ್ಲು, ಆಮೇಲೆ ಮೊಲ

ಮೊಲ ಸಾಕಲು ಹೊರಟವರು ಸಾಮಾನ್ಯವಾಗಿ ಮೊದಲು ಮೊಲ ತರುತ್ತಾರೆ. ಆಮೇಲೆ ಪಂಜರ ಬರುತ್ತದೆ, ಅದರ ಹಿಂದೆಯೇ ಬಣ್ಣಬಣ್ಣದ ಕಾಳಿನ ಪ್ಯಾಕೆಟ್. ಹುಲ್ಲಿನ ನೆನಪಾಗುವುದು ಎರಡನೇ ವಾರ. ಮೊಲ ನೋಡಬಲ್ಲ ಡಾಕ್ಟರನ್ನು ಹುಡುಕುವುದಂತೂ ಅದು ತಿನ್ನುವುದನ್ನು ಬಿಟ್ಟ ದಿನ, ರಾತ್ರಿ ಹನ್ನೊಂದು ಗಂಟೆಗೆ. ಈ ಸಾಲನ್ನು ಪೂರ್ತಿ ತಿರುವಿಹಾಕಬೇಕು. ಮೊದಲು ಡಾಕ್ಟರು, ನಂತರ ಹುಲ್ಲು, ನಂತರ ಜಾಗ, ಕೊನೆಗೆ ಮೊಲ. ಈ ಬರಹವೂ ಅದೇ ಕ್ರಮದಲ್ಲಿದೆ. ಬರೆಯುತ್ತಿರುವುದು ಡೊಂಬಿವಲಿಯ ಫ್ಲ್ಯಾಟಿನಿಂದ. ಪುಣೆಯಲ್ಲಿರುವ ಅತ್ತಿಗೆಯ ಮನೆಯ ಅನುಭವವೂ ಅಲ್ಲಲ್ಲಿ ಸೇರಿದೆ.

ಯಾವ ಮೊಲ ಇದು

ಕಿವಿ ಕೆನ್ನೆಯ ಪಕ್ಕ ಜೋತುಬಿದ್ದ, ದುಂಡುಮುಖದ ಪುಟ್ಟ ಮೊಲಗಳಲ್ಲಿ ನಮ್ಮ ಕಡೆ ಹೆಚ್ಚು ಕೇಳಿಬರುವ ಹೆಸರು ಹಾಲೆಂಡ್ ಲಾಪ್. ನೆದರ್ಲೆಂಡ್ಸಿನ ಆಡ್ರಿಯನ್ ದ ಕಾಕ್ ಎಂಬ ಸಾಕಣೆಗಾರ ದೊಡ್ಡ ಗಾತ್ರದ ಫ್ರೆಂಚ್ ಲಾಪನ್ನು ಗಿಡ್ಡ ತಳಿಯಾದ ನೆದರ್ಲೆಂಡ್ ಡ್ವಾರ್ಫ್ ಜೊತೆ ಕೂಡಿಸುವ ಪ್ರಯತ್ನ ಶುರುಮಾಡಿದ್ದು 1949ರಲ್ಲಿ. ತಳಿಗೆ ಅಲ್ಲಿ ಮನ್ನಣೆ ಸಿಕ್ಕಿದ್ದು 1964ರಲ್ಲಿ. ಅಮೆರಿಕದ ಮಾನದಂಡದಲ್ಲಿ ಇದರ ಗರಿಷ್ಠ ತೂಕ 4 ಪೌಂಡ್, ಅಂದರೆ ಸುಮಾರು 1.8 ಕೆಜಿ. ಮಿನಿ ಲಾಪ್ ಬೇರೆ ತಳಿ. ಹೆಸರಿನಲ್ಲಿ ಮಿನಿ ಇದ್ದರೂ ಅದು 3 ಕೆಜಿಯ ಹತ್ತಿರಕ್ಕೆ ಬೆಳೆಯುತ್ತದೆ.

ಜೋಲುಕಿವಿಯ ಮರಿಗಳ ಕಿವಿ ಹುಟ್ಟುವಾಗಲೇ ಜೋತಿರುವುದಿಲ್ಲ, ಬೆಳೆಯುತ್ತ ಬೆಳೆಯುತ್ತ ಬೀಳುತ್ತದೆ. ಒಂದು ಕಿವಿ ಬಿದ್ದು ಇನ್ನೊಂದು ಎದ್ದೇ ಇರುವ ಹಂತವೂ ಇದೆ. ಹಾಗಾಗಿ ಮಾರುವವರು ಏನೇ ಹೇಳಿದರೂ ಪುಟ್ಟ ಮರಿಯನ್ನು ನೋಡಿ ತಳಿ ಇದೇ ಎಂದು ಹೇಳುವುದು ಕಷ್ಟ. ಮಿಶ್ರತಳಿಯಾದರೆ ಬೇಸರ ಬೇಡ. ಮೂತಿ ತೀರಾ ಚಪ್ಪಟೆಯಾಗಿಲ್ಲದ ಮೊಲಕ್ಕೆ ಹಲ್ಲಿನ ತೊಂದರೆ ಸಾಮಾನ್ಯವಾಗಿ ಕಡಿಮೆ.

ಅಂದದ ಈ ಕಿವಿಗೆ ಬೆಲೆಯೂ ಇದೆ. ಕಿವಿ ಮಡಚಿಕೊಳ್ಳುವ ಕಡೆ ಒಳನಾಳ ಕಿರಿದಾಗುತ್ತದೆ, ಗುಗ್ಗೆ ಹೊರಬರದೆ ಅಲ್ಲೇ ಕೂರುತ್ತದೆ, ಸೋಂಕಾಗುತ್ತದೆ. ಗಿಡ್ಡ ಮುಖದಿಂದಾಗಿ ಮೇಲಿನ ಕೆಳಗಿನ ಹಲ್ಲು ಸರಿಯಾಗಿ ಕೂಡದಿರಬಹುದು. ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಮುಂದಿನ ಹಲ್ಲು ವಾರಕ್ಕೆ 2ರಿಂದ 3 ಮಿಲಿಮೀಟರ್ ಬೆಳೆಯುವುದರಿಂದ ಸವೆಯದ ಹಲ್ಲು ಬೇಗನೇ ಬಾಯಿಯನ್ನು ಕೆಡಿಸುತ್ತದೆ. ಆಯುಸ್ಸು ಎಂಟು ಹತ್ತು ವರ್ಷ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಹೆಚ್ಚು. ಐದನೇ ತರಗತಿಯ ಮಗಳಿಗೆಂದು ತಂದ ಮೊಲ ಅವಳು ಕಾಲೇಜು ಮುಗಿಸುವಾಗಲೂ ಮನೆಯ ಹಾಲ್‌ನಲ್ಲಿ ಓಡಾಡಿಕೊಂಡಿರಬಹುದು. ಅಷ್ಟು ಕಾಲ ಅದನ್ನು ನೋಡಿಕೊಳ್ಳುವವರು ದೊಡ್ಡವರೇ. ಮನೆಯ ದೊಡ್ಡವರಲ್ಲಿ ಒಬ್ಬರಿಗಾದರೂ ಮೊಲ ಬೇಕು ಅನ್ನಿಸಿಲ್ಲದಿದ್ದರೆ ತರಬೇಡಿ.

ಹೆಜ್ಜೆ 1: ಡಾಕ್ಟರನ್ನು ಹುಡುಕಿ

ನಾಯಿ ಬೆಕ್ಕು ನೋಡುವ ಕ್ಲಿನಿಕ್ ಎಲ್ಲ ಉಪನಗರದಲ್ಲೂ ಇದೆ. ಮೊಲ ನೋಡುವವರು ಕಡಿಮೆ. ಎಕ್ಸೋಟಿಕ್ ವೆಟ್ (ನಾಯಿ ಬೆಕ್ಕು ಬಿಟ್ಟು ಬೇರೆ ಸಾಕುಪ್ರಾಣಿಗಳನ್ನು ನೋಡುವ ಡಾಕ್ಟರು) ಎಂದು ಕೇಳಬೇಕು. ಪರೇಲ್‌ನಲ್ಲಿ 1886ರಲ್ಲಿ ಶುರುವಾದ ಬಾಂಬೆ ವೆಟರ್ನರಿ ಕಾಲೇಜು ಮತ್ತು ಅಲ್ಲಿಯೇ ಇರುವ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆ ಊರಿಗೆಲ್ಲ ಗೊತ್ತು. ಆದರೆ ವಸಾಯಿ ಅಥವಾ ಡೊಂಬಿವಲಿಯಿಂದ, ಸಂಜೆಯ ಲೋಕಲ್ಲಿನಲ್ಲಿ, ಉಸಿರಾಡಲು ಕಷ್ಟಪಡುತ್ತಿರುವ ಮೊಲವನ್ನು ಎತ್ತಿಕೊಂಡು ಪರೇಲಿಗೆ ಹೋಗುವ ಮಾತು ಬೇರೆ. ಮನೆಯಿಂದ ರಿಕ್ಷಾದಲ್ಲಿ ಅರ್ಧ ಗಂಟೆಯೊಳಗೆ ಸಿಗುವ ಒಬ್ಬರು, ಅವರು ರಜೆಯಲ್ಲಿದ್ದಾಗ ಇನ್ನೊಬ್ಬರು, ಇಷ್ಟು ಬೇಕೇ ಬೇಕು.

ಅವರಿಗೆ ಮೊಲದ ಅನುಭವ ಇದೆಯೇ ಎಂದು ತಿಳಿಯಲು ಎರಡು ಪ್ರಶ್ನೆ ಸಾಕು. ಒಂದು, ಆಪರೇಷನ್ನಿಗೆ ಮುಂಚಿನ ರಾತ್ರಿ ಮೊಲವನ್ನು ಉಪವಾಸ ಕೆಡವಬೇಕೇ? ಬೇಡ ಎಂಬುದು ಸರಿಯುತ್ತರ. ಮೊಲಕ್ಕೆ ವಾಂತಿಯೇ ಬರುವುದಿಲ್ಲ, ಹೊಟ್ಟೆ ಖಾಲಿ ಬಿಟ್ಟರೆ ಕರುಳು ನಿಂತುಹೋಗುತ್ತದೆ. ಎರಡು, ಬಾಯಿಯ ಮೂಲಕ ಅಮಾಕ್ಸಿಸಿಲಿನ್ ಕೊಡಬಹುದೇ? ಕೊಡಬಾರದು. ಪೆನಿಸಿಲಿನ್ ಗುಂಪಿನ ಔಷಧಿಗಳು, ಕ್ಲಿಂಡಮೈಸಿನ್, ಲಿಂಕೋಮೈಸಿನ್ ಬಾಯಿಂದ ಹೋದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲವೇ ಸಾಯಬಹುದು. ನಾಯಿಗಳ ಚಿಗಟಕ್ಕೆ ಹಾಕುವ ಫಿಪ್ರೊನಿಲ್ ಡ್ರಾಪ್ಸ್ ಕೂಡ ಮೊಲಕ್ಕೆ ವಿಷ. ಮನೆಯಲ್ಲಿ ನಾಯಿಯೂ ಇದ್ದರೆ ಇದನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ.

ಸೊಸೈಟಿಯ ಮಾತು. ಹೌಸಿಂಗ್ ಸೊಸೈಟಿಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಬಾಡಿಗೆ ಮನೆಯಾದರೆ ಮಾಲಕರನ್ನು ಮೊದಲೇ ಕೇಳಿಬಿಡುವುದು ವಾಸಿ, ಏಕೆಂದರೆ ಮೊಲ ಬಾಗಿಲಿನ ಚೌಕಟ್ಟು ಕಡಿಯುತ್ತದೆ.

ಹೆಜ್ಜೆ 2: ಹುಲ್ಲಿನ ದಾರಿ ಮಾಡಿಕೊಳ್ಳಿ

ಮೊಲದ ಆಹಾರದಲ್ಲಿ ನೂರಕ್ಕೆ ಎಂಬತ್ತು ಭಾಗ ಒಣಹುಲ್ಲು. ಕ್ಯಾರೆಟ್ ಅಲ್ಲ, ಪೆಲೆಟ್ (ಗುಳಿಗೆಯಂತೆ ಒತ್ತಿದ ಸಿದ್ಧ ಆಹಾರ) ಅಲ್ಲ. ಹುಲ್ಲಿನ ಉದ್ದ ನಾರು ಎರಡು ಕೆಲಸ ಮಾಡುತ್ತದೆ: ಅಗಿದು ಅಗಿದು ಹಲ್ಲು ಸವೆಯುತ್ತದೆ, ಕರುಳು ಚಲಿಸುತ್ತಲೇ ಇರುತ್ತದೆ. ಹುಲ್ಲು ಇಪ್ಪತ್ತನಾಲ್ಕು ಗಂಟೆಯೂ ಮುಂದಿರಬೇಕು. ದಿನಕ್ಕೆ ಮೊಲದ ಮೈಯಷ್ಟು ದೊಡ್ಡ ಕಂತೆ ಖರ್ಚಾದರೆ ಅದು ಸರಿಯಾಗಿ ತಿನ್ನುತ್ತಿದೆ ಎಂದರ್ಥ.

ತಿಮೊಥಿ ಹುಲ್ಲು ನಮ್ಮ ದೇಶಕ್ಕೆ ಬಹುಪಾಲು ಹೊರಗಿಂದ ಬರುವಂಥದ್ದು, ಆನ್‌ಲೈನಿನಲ್ಲಿ ಸಿಗುತ್ತದೆ, ದುಬಾರಿ. ರೋಡ್ಸ್ ಹುಲ್ಲು, ಓಟ್ ಹುಲ್ಲು ಕೂಡ ಒಳ್ಳೆಯವೇ. ನಮ್ಮ ಗರಿಕೆ ಹುಲ್ಲನ್ನೇ ಹೊರದೇಶದವರು ಬರ್ಮುಡಾ ಹುಲ್ಲು ಎಂದು ಮೊಲಕ್ಕೆ ಹಾಕುವುದು. ದಾದರಿನ ಹೂವಿನ ಮಾರುಕಟ್ಟೆಯಲ್ಲಿ ಗಣಪತಿಗೆಂದು ದೂರ್ವೆಯ ಜುಡಿ ವರ್ಷವಿಡೀ ಸಿಗುತ್ತದೆ. ಹಸಿ ಗರಿಕೆಯನ್ನು ತೊಳೆದು, ನೀರು ಪೂರ್ತಿ ಇಳಿಸಿ, ಸ್ವಲ್ಪಸ್ವಲ್ಪವಾಗಿ ರೂಢಿಮಾಡಿಸಿ ಕೊಡಬಹುದು. ದೇವರ ತಲೆಯಿಂದ ಇಳಿಸಿದ, ಕುಂಕುಮ ಮೆತ್ತಿದ ದೂರ್ವೆ ಬೇಡ. ಗಾರ್ಡನ್ನಿನಿಂದ, ರಸ್ತೆಬದಿಯಿಂದ ಕಿತ್ತದ್ದೂ ಬೇಡ. ಅಲ್ಲಿ ನಾಯಿಗಳ ಮೂತ್ರ, ಔಷಧಿ ಸಿಂಪಡಣೆ ಎರಡೂ ಇರುತ್ತವೆ.

ತಬೇಲಾಗಳಲ್ಲಿ ಎಮ್ಮೆಗೆ ಹಾಕುವ ಲಸುಣ್ ಘಾಸ್, ಅಂದರೆ ನಮ್ಮ ಕುದುರೆ ಮೆಂತ್ಯ, ಮರಿಗಳಿಗೆ ಒಳ್ಳೆಯದು. ಆರು ತಿಂಗಳು ದಾಟಿದ ಮೊಲಕ್ಕೆ ಅದರಲ್ಲಿರುವ ಕ್ಯಾಲ್ಸಿಯಂ, ಪ್ರೋಟೀನ್ ಅತಿಯಾಗುತ್ತದೆ, ಮೂತ್ರಕೋಶದಲ್ಲಿ ಕೆಸರು ಕಟ್ಟಬಹುದು. ಊರಿಂದ ಯಾರಾದರೂ ಭತ್ತದ ಹುಲ್ಲು ತರುತ್ತೇನೆಂದರೆ ಹಾಸಲು ಇಟ್ಟುಕೊಳ್ಳಿ. ಊಟವಾಗಿ ಅದರಲ್ಲಿ ಸತ್ವವಿಲ್ಲ.

ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ, ಗೋವೆಯ ಗಾಳಿಯಲ್ಲಿ ಒಣಹುಲ್ಲು ತಾನಾಗಿಯೇ ನೀರೆಳೆದುಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಹುಲ್ಲು ಉಸಿರಾಟಕ್ಕೂ ಕರುಳಿಗೂ ಕೆಟ್ಟದ್ದು. ಸೋವಿಯಾಗುತ್ತದೆಂದು ದೊಡ್ಡ ಮೂಟೆ ತರಿಸುವ ಆಸೆ ಈ ನಾಲ್ಕು ತಿಂಗಳು ಬೇಡ. ಎರಡು ಮೂರು ವಾರಕ್ಕೆ ಸಾಕಾಗುವಷ್ಟು ತರಿಸಿ. ರಟ್ಟಿನ ಪೆಟ್ಟಿಗೆ ಅಥವಾ ಬಟ್ಟೆಯ ಚೀಲದಲ್ಲಿ, ನೆಲದಿಂದ ಮೇಲೆ, ಲೀಕೇಜಿನ ಗೋಡೆಗೆ ತಾಗದಂತೆ ಇಡಿ. ಅರೆತೇವದ ಹುಲ್ಲನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದುಕಟ್ಟಿದರೆ ನೀವೇ ಬೂಷ್ಟು ಬೆಳೆಸಿದಂತೆ. ಪ್ರತಿ ಸಲ ಮೂಸಿ ನೋಡಿ. ಒಳ್ಳೆಯ ಹುಲ್ಲಿಗೆ ಸಿಹಿಯಾದ ಘಮ ಇರುತ್ತದೆ. ಹಳೇ ಟ್ರಂಕಿನ ವಾಸನೆ ಬಂದರೆ, ಕೊಡವಿದಾಗ ಬಿಳಿ ಅಥವಾ ಕಪ್ಪು ಪುಡಿ ಹಾರಿದರೆ, ಎಷ್ಟೇ ದುಡ್ಡು ಕೊಟ್ಟಿರಲಿ ಎಸೆಯಿರಿ.

ಹೆಜ್ಜೆ 3: ಜಾಗ

ಅಂಗಡಿಯಲ್ಲಿ ಮೊಲದ ಪಂಜರ ಎಂದು ಮಾರುವ ತಂತಿಯ ಡಬ್ಬಿಯನ್ನು ಕೊಳ್ಳಬೇಡಿ. ಮೊಲದ ಪಾದಕ್ಕೆ ನಾಯಿ ಬೆಕ್ಕಿನಂತೆ ಮೆತ್ತೆ ಇಲ್ಲ, ರೋಮವಷ್ಟೇ. ತಂತಿಯ ಮೇಲೆ ನಿಂತು ನಿಂತು ಹಿಮ್ಮಡಿಯ ರೋಮ ಉದುರಿ ಹುಣ್ಣಾಗುತ್ತದೆ. ಬ್ರಿಟನ್ನಿನ ರ‍್ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಜೋಡಿ ಮೊಲಗಳಿಗೆ 3 ಮೀಟರ್ ಉದ್ದ, 2 ಮೀಟರ್ ಅಗಲದ ಜಾಗ ಬೇಕೆನ್ನುತ್ತದೆ. ಒನ್ ಬಿಎಚ್‌ಕೆಯಲ್ಲಿ ಅಷ್ಟನ್ನು ಬೇಲಿ ಹಾಕಿ ಕೊಟ್ಟರೆ ನಾವು ಅಡುಗೆಮನೆಯಲ್ಲಿ ಮಲಗಬೇಕು. ನನಗೆ ಸರಿಕಂಡ ದಾರಿ ಹೀಗೆ: ನಾಯಿಮರಿಗಳಿಗೆಂದು ಸಿಗುವ ಮಡಚುವ ಬೇಲಿಯನ್ನು (ಪ್ಲೇಪೆನ್) ಹಾಲಿನ ಮೂಲೆಯಲ್ಲಿ ನಾಲ್ಕಡಿಗೆ ನಾಲ್ಕಡಿಗಿಂತ ಕಡಿಮೆಯಾಗದಂತೆ ನಿಲ್ಲಿಸಿ, ಮನೆಯವರು ಎದ್ದಿರುವ ಬೆಳಿಗ್ಗೆ ಸಂಜೆಗಳಲ್ಲಿ ಬಾಗಿಲು ತೆರೆದು ಹಾಲನ್ನೇ ಬಿಟ್ಟುಕೊಡುವುದು. ಮೊಲ ಹೇಗೂ ಚುರುಕಾಗುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಮಧ್ಯಾಹ್ನ ನಿದ್ದೆ. ಹಾಲನ್ನು ಹಾಗೆ ಬಿಟ್ಟುಕೊಡಲು ಮನಸ್ಸಿಲ್ಲದ ಮನೆಗೆ ಮೊಲ ಹೊಂದುವುದಿಲ್ಲ.

ನೆಲದ ಟೈಲ್ಸ್ ಮೇಲೆ ಮೊಲದ ಕಾಲು ಜಾರುತ್ತದೆ. ಜಾರಿ ಜಾರಿ ಕೀಲು ಕೆಡುತ್ತದೆ. ಹತ್ತಿಯ ಜಮಖಾನೆ ಹಾಸಿ, ಒಗೆಯಲು ಇನ್ನೊಂದಿರಲಿ. ಒಳಗೆ ಅಡಗಲು ಎರಡು ತೂತಿನ ರಟ್ಟಿನ ಪೆಟ್ಟಿಗೆ ಬೇಕು. ಎರಡನೆಯ ತೂತು ತಪ್ಪಿಸಿಕೊಳ್ಳುವ ದಾರಿ, ಅದಿಲ್ಲದಿದ್ದರೆ ಮೊಲಕ್ಕೆ ಸಮಾಧಾನವಿರುವುದಿಲ್ಲ. ನೀರಿಗೆ ಭಾರದ ಪಿಂಗಾಣಿ ಬಟ್ಟಲು. ಬಾಟಲಿಯ ನಳಿಕೆಯಿಂದ ಮೊಲ ಕಡಿಮೆ ಕುಡಿಯುತ್ತದೆ, ನಳಿಕೆ ತೊಳೆಯುವುದೂ ರೇಜಿಗೆ.

ಬಾಲ್ಕನಿ ಬಗ್ಗೆ ಒಂದು ಮಾತು. ಪಾರಿವಾಳ ಬರದಂತೆ ಕಟ್ಟಿಸುವ ನೈಲಾನ್ ಬಲೆಯನ್ನು ಮೊಲ ಒಂದೇ ಸಂಜೆಯಲ್ಲಿ ಕಡಿಯಬಲ್ಲದು. ಬಾಕ್ಸ್ ಗ್ರಿಲ್ಲಿನ ಸಂದಿಯಲ್ಲಿ ಮರಿ ನುಸುಳುತ್ತದೆ, ಕಾಗೆ ಕುಕ್ಕುತ್ತದೆ, ರಾತ್ರಿ ಪೈಪು ಹತ್ತಿ ಹೆಗ್ಗಣ ಬರುತ್ತದೆ. ಮೊಲ ಇರಬೇಕಾದ್ದು ಮನೆಯೊಳಗೆ. ಗೋವೆಯ ಅಂಗಳದ ಮನೆಗಳಲ್ಲೂ ಹೊರಗಿನ ಗೂಡು ಬೇಡವೆಂದೇ ನನ್ನ ಅಭಿಪ್ರಾಯ. ಅಲ್ಲಿ ಹಾವು, ಮುಂಗುಸಿ, ಬೀದಿನಾಯಿ ಮೂರೂ ಇವೆ.

ಮೊಲದ ಮೂತಿಗೆ ಎಟುಕುವ ಎತ್ತರದಲ್ಲಿ ಒಂದು ವಯರೂ ಇರಬಾರದು. ವೈಫೈ ಪೆಟ್ಟಿಗೆಯ ವಯರು, ಫ್ರಿಜ್ಜಿನ ಹಿಂದಿನದು, ಚಾರ್ಜರು, ಎಲ್ಲವನ್ನೂ ಗಟ್ಟಿ ಪಿವಿಸಿ ಕೊಳವೆಯೊಳಗೆ ಹಾಯಿಸಿ. ಮನಿ ಪ್ಲಾಂಟ್, ಡೀಫನ್‌ಬಾಕಿಯಾ, ಕಣಗಿಲೆ, ಅಡೀನಿಯಂ ಕುಂಡಗಳನ್ನು ಎಟುಕದಂತೆ ತೂಗುಹಾಕಿ. ಅವೆಲ್ಲ ವಿಷ.

ಹೆಜ್ಜೆ 4: ಈಗ ಮೊಲ

ಮೊದಲು ದತ್ತು ಸಿಗುತ್ತದೆಯೇ ನೋಡಿ. ಮಕ್ಕಳ ಹುಟ್ಟುಹಬ್ಬಕ್ಕೆ ತಂದು, ಕೆಲ ತಿಂಗಳಲ್ಲಿ ಬೇಡವಾದ ಮೊಲಗಳು ಮುಂಬಯಿ ಪುಣೆಯ ಪ್ರಾಣಿ ರಕ್ಷಕರ ಬಳಿ ಇರುತ್ತವೆ. ಬೆಳೆದ ಮೊಲದ ಸ್ವಭಾವ, ತೂಕ, ಹಲ್ಲು ಎಲ್ಲ ಕಣ್ಣಿಗೆ ಕಾಣುತ್ತದೆ. ಮೊದಲ ಬಾರಿ ಸಾಕುವವರಿಗೆ ಮರಿಗಿಂತ ಅದೇ ಮೇಲು.

ಅಂಗಡಿಯಿಂದಾದರೆ, ಸಾಕುಪ್ರಾಣಿ ಅಂಗಡಿಗಳ 2018ರ ನಿಯಮದಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಪತ್ರ ಇರಬೇಕು, ಕೇಳಿ. ಎಂಟು ವಾರ ತುಂಬದ ಮರಿ ಬೇಡವೇ ಬೇಡ. ತಾಯಿಯಿಂದ ಬೇಗ ಬಿಡಿಸಿದ ಮರಿಗಳು ಹೊಸ ಮನೆಗೆ ಬಂದ ವಾರದಲ್ಲಿ ಭೇದಿಯಾಗಿ ಹೋಗುವುದು ಮಾಮೂಲಿ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದನ್ನು ತೋರಿಸಿ "ಇಷ್ಟೇ ದೊಡ್ಡದಾಗೋದು" ಎಂದರೆ ಅಲ್ಲಿಂದ ಹೊರಡಿ.

ಕೈಗೆತ್ತಿಕೊಂಡು ನೋಡಬೇಕಾದವು: ಮೂಗು ಒಣಗಿದೆಯೇ, ಮುಂಗಾಲಿನ ಒಳಬದಿಯ ರೋಮ ಅಂಟಂಟಾಗಿದೆಯೇ (ಮೊಲ ಸುರಿಯುವ ಮೂಗನ್ನು ಕಾಲಿನಿಂದಲೇ ಒರೆಸಿಕೊಳ್ಳುತ್ತದೆ), ಮೇಲಿನ ಮುಂದಿನ ಹಲ್ಲು ಕೆಳಗಿನದರ ಮೇಲೆ ತುಸು ಮುಂದಕ್ಕೆ ಕೂತಿದೆಯೇ, ಬಾಲದ ಕೆಳಗೆ ಸ್ವಚ್ಛವಿದೆಯೇ. ಕಿವಿಯನ್ನು ಎತ್ತಿ ಒಳಗೆ ನೋಡಿ ಮೂಸಿ. ಕಂದು ಹಕ್ಕಳೆ ಕಂಡರೆ ಕಿವಿನುಸಿ. ತಲೆ ಒಂದೇ ಕಡೆ ವಾಲಿದ್ದರೆ ಒಳಕಿವಿಯ ತೊಂದರೆ ಇರಬಹುದು. "ದೋನೋ ಮಾದಾ ಹೈ" (ಎರಡೂ ಹೆಣ್ಣೇ) ಎಂಬ ಮಾತನ್ನು ನಂಬಬೇಡಿ. ಮರಿಯ ಲಿಂಗ ಗುರುತಿಸುವುದು ಕಷ್ಟ, ಡಾಕ್ಟರ ಬಳಿ ನೋಡಿಸಿ. ಎಲ್ಲೋ ಹೊಲದಲ್ಲಿ ಸಿಕ್ಕಿತು ಎಂದು ಯಾರಾದರೂ ಕಾಡುಮೊಲದ ಮರಿ ತಂದುಕೊಟ್ಟರೆ ಇಟ್ಟುಕೊಳ್ಳಬೇಡಿ. ಅದು ಬೇರೆಯೇ ಪ್ರಾಣಿ, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವಂಥದ್ದು.

ಹೆಜ್ಜೆ 5: ಮೊದಲ ವಾರ, ದಿನದ ಊಟ

ಬಂದ ದಿನ ಎತ್ತಬೇಡಿ, ನೆಂಟರಿಗೆ ತೋರಿಸಬೇಡಿ. ಅಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಒಂದಷ್ಟು ತಂದು ಕೊಡಿ, ಹುಲ್ಲು ಯಥೇಚ್ಛ ಇಡಿ. ಹೊಸ ಆಹಾರ ಏನಿದ್ದರೂ ವಾರದ ಮೇಲೆ, ಒಂದೊಂದಾಗಿ.

ಬೆಳೆದ ಮೊಲದ ದಿನಚರಿ ಸರಳ. ಹುಲ್ಲು ಸದಾ. ಬೆಳಿಗ್ಗೆ 20ರಿಂದ 30 ಗ್ರಾಂ ಪೆಲೆಟ್, ನಾರಿನಂಶ ನೂರಕ್ಕೆ ಹದಿನೆಂಟಕ್ಕಿಂತ ಹೆಚ್ಚಿರುವಂಥದ್ದು. ಕಾಳು, ಬೀಜ, ಬಣ್ಣದ ತುಣುಕು ಬೆರೆಸಿದ ಮಿಕ್ಸ್ ಬೇಡ, ಮೊಲ ಅದರಲ್ಲಿ ರುಚಿಯದ್ದನ್ನಷ್ಟೇ ಆರಿಸಿ ತಿನ್ನುತ್ತದೆ. ಸಂಜೆ ಸೊಪ್ಪು, ಒಂದು ಕೆಜಿ ತೂಕಕ್ಕೆ ಒಂದು ಬಟ್ಟಲಿನ ಲೆಕ್ಕ, ಒತ್ತದೆ ತುಂಬಿದ ಬಟ್ಟಲು. ಕೊತ್ತಂಬರಿ, ಪುದೀನ, ಸಬ್ಬಸಿಗೆ (ಇಲ್ಲಿ ಶೇಪು ಎಂದು ಕೇಳಿ), ಕಾಮಕಸ್ತೂರಿ, ಮೂಲಂಗಿ ಎಲೆ ಇವನ್ನು ಬದಲಿಸುತ್ತ ಕೊಡಿ. ಪಾಲಕ್, ಹರಿವೆ ಅಪರೂಪಕ್ಕೆ, ಅವುಗಳಲ್ಲಿ ಆಕ್ಸಲೇಟ್ ಜಾಸ್ತಿ. ಎಲೆಕೋಸು ಹೂಕೋಸಿನಿಂದ ಕೆಲವಕ್ಕೆ ಹೊಟ್ಟೆ ಉಬ್ಬರಿಸುತ್ತದೆ. ರೈಲು ಹಳಿಯ ಪಕ್ಕ ಚರಂಡಿ ನೀರಿನಲ್ಲಿ ಬೆಳೆದ ಸೊಪ್ಪು ಈ ಊರಿನ ಮಾರುಕಟ್ಟೆಗೂ ಬರುತ್ತದೆ, ಆದ್ದರಿಂದ ಚೆನ್ನಾಗಿ ತೊಳೆಯುವುದರಲ್ಲಿ ರಿಯಾಯಿತಿ ಇಲ್ಲ. ಅಗಿಯಲು ಸೀಬೆಯ ಎಲೆ, ಕಡ್ಡಿ ಒಳ್ಳೆಯದು. ಹಣ್ಣು, ಕ್ಯಾರೆಟ್ ಎರಡೂ ಸಿಹಿ ತಿಂಡಿಯ ಲೆಕ್ಕ: ವಾರಕ್ಕೆರಡು ಸಲ, ಹೆಬ್ಬೆರಳಿನ ತುದಿಯಷ್ಟು.

ಚಪಾತಿ, ಅನ್ನ, ಬಿಸ್ಕತ್ತು, ಪಾವ್, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಅವರೆ ತೊಗರಿಯಂಥ ಕಾಳು, ಬೆಣ್ಣೆಹಣ್ಣು, ಚಾಕೊಲೇಟ್ ಬೇಡ. ಇದರಲ್ಲಿ ಕಷ್ಟದ ಕೆಲಸ ಮನೆಯ ಹಿರಿಯರನ್ನು ಒಪ್ಪಿಸುವುದು. ಅಜ್ಜಿಗೆ ಚಪಾತಿ ತುಣುಕಿನ ಬದಲು ಕೊತ್ತಂಬರಿ ಕಡ್ಡಿ ಕೈಗೆ ಕೊಟ್ಟುಬಿಡಿ, ಕೊಡುವ ಸಂತೋಷ ಅವರಿಗೆ ಉಳಿಯುತ್ತದೆ.

"ಮೊಲಕ್ಕೆ ನೀರು ಕೊಟ್ಟರೆ ಸಾಯುತ್ತೆ" ಎಂದು ಹೇಳುವವರು ಪ್ರತಿ ಬಿಲ್ಡಿಂಗಿನಲ್ಲೂ ಒಬ್ಬರಿರುತ್ತಾರೆ. ಶುದ್ಧ ಸುಳ್ಳು. ಒಂದು ಕೆಜಿ ತೂಕಕ್ಕೆ ದಿನಕ್ಕೆ 50ರಿಂದ 150 ಮಿಲಿಲೀಟರ್ ನೀರು ಮೊಲಕ್ಕೆ ಬೇಕು, ಸೆಕೆಯಲ್ಲಿ ಇನ್ನೂ ಹೆಚ್ಚು.

ಮೊಲ ತನ್ನ ಬಾಲದ ಕಡೆ ಬಾಗಿ ಏನೋ ತಿನ್ನುವುದು ಕಂಡರೆ ಹೇಸಿಗೆ ಬೇಡ. ದ್ರಾಕ್ಷಿ ಗೊಂಚಲಿನ ಆಕಾರದ ಆ ಮೆತ್ತನೆಯ ಹಿಕ್ಕೆಯಲ್ಲಿ ಬಿ ಜೀವಸತ್ವ, ಪ್ರೋಟೀನ್ ಇರುತ್ತವೆ. ಮತ್ತೆ ತಿನ್ನುವುದು ಅದರ ಪಚನದ ಭಾಗ. ಅದನ್ನು ತಿನ್ನದೆ ಬಿಟ್ಟು ಹಿಂಭಾಗಕ್ಕೆ ಮೆತ್ತಿಕೊಂಡಿದ್ದರೆ ಪೆಲೆಟ್ ಅಥವಾ ಹಣ್ಣು ಹೆಚ್ಚಾಗಿದೆ, ಇಲ್ಲವೇ ಮೈ ಬಂದು ಬಾಗಲಾಗುತ್ತಿಲ್ಲ.

ಟ್ರೇಯಲ್ಲೇ ಹಿಕ್ಕೆ, ಮೂತ್ರ ಮಾಡುವುದನ್ನು ಕಲಿಸುವುದು ಸುಲಭ. ಮೊಲ ತಾನೇ ಒಂದು ಮೂಲೆ ಆರಿಸಿಕೊಳ್ಳುತ್ತದೆ, ಟ್ರೇಯನ್ನು ಅಲ್ಲಿಗೆ ಒಯ್ಯಿರಿ. ತಳಕ್ಕೆ ಪತ್ರಿಕೆ ಅಥವಾ ಕಾಗದದ ಗುಳಿಗೆ, ಒಂದು ತುದಿಗೆ ಹುಲ್ಲು. ತಿನ್ನುತ್ತ ಹಿಕ್ಕೆ ಹಾಕುವುದು ಅದರ ಅಭ್ಯಾಸ. ಬೆಕ್ಕಿಗೆ ಹಾಕುವ ಗಟ್ಟಿಕಟ್ಟುವ ಮರಳು, ದೇವದಾರಿನ ಹೊಟ್ಟು ಬೇಡ. ಮೂತ್ರ ಕೆಲವೊಮ್ಮೆ ಕೆಂಪು ಕಿತ್ತಳೆಯಾಗುವುದು ಹೆಚ್ಚಾಗಿ ಸೊಪ್ಪಿನ ಬಣ್ಣದಿಂದ. ತಿಣುಕುತ್ತಿದ್ದರೆ, ರಕ್ತವೆಂಬ ಅನುಮಾನ ಬಂದರೆ ಡಾಕ್ಟರು.

ಹೆಜ್ಜೆ 6: ಸೆಕೆ ಮತ್ತು ಮಳೆ

ನಮ್ಮೂರುಗಳಲ್ಲಿ ಮೊಲವನ್ನು ಕೊಲ್ಲುವುದು ಹೆಚ್ಚಾಗಿ ಸೆಕೆ. ಮೊಲಕ್ಕೆ ಹಿತವಾದ ಉಷ್ಣತೆ ಸುಮಾರು 15ರಿಂದ 21 ಡಿಗ್ರಿ. 28 ದಾಟಿದರೆ ಎಚ್ಚರ, 30ರ ಮೇಲೆ ಅಪಾಯ. ಅದು ಬೆವರುವುದಿಲ್ಲ, ಮೈಯ ಬಿಸಿ ಹೊರಹೋಗುವುದು ಬಹುಪಾಲು ಕಿವಿಯ ರಕ್ತನಾಳಗಳಿಂದ. ಬೆವರಿಲ್ಲದ ಮೈಗೆ ಫ್ಯಾನ್ ಗಾಳಿಯೊಂದರಿಂದ ಹೆಚ್ಚೇನೂ ಉಪಯೋಗವಿಲ್ಲ.

ಮುಂಬಯಿಯ ಏಪ್ರಿಲ್ ಮೇ, ಮತ್ತೆ ಅಕ್ಟೋಬರ್, ಎರಡು ಕಷ್ಟದ ಕಾಲ. ಪುಣೆಯ ಬೇಸಗೆ ಇದಕ್ಕಿಂತ ಬಿಸಿ, ಆದರೆ ಒಣ. ಅಲ್ಲಿ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಮುಂಬಯಿ, ಗೋವೆಯ ತೇವದ ಗಾಳಿಯಲ್ಲಿ ಅದೇ ಕೂಲರ್ ಕೋಣೆಯನ್ನು ಇನ್ನಷ್ಟು ಅಂಟಂಟು ಮಾಡುತ್ತದಷ್ಟೇ. ಇಲ್ಲಿ ಎಸಿಯೇ ಗತಿ, 25-26ಕ್ಕೆ ಇಟ್ಟರೆ ಸಾಕು, ಗಾಳಿ ನೇರ ಮೈಮೇಲೆ ಬೀಳದಿರಲಿ. ಎಸಿ ಇಲ್ಲದ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಮೊಲವನ್ನು ಮನೆಯಲ್ಲೇ ಹೆಚ್ಚು ತಂಪಾಗಿರುವ ಕೋಣೆಗೆ ಸಾಗಿಸಿ, ಪರದೆ ಎಳೆದು, ನೀರು ಹೆಪ್ಪುಗಟ್ಟಿಸಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಿ. ಮಲಗಲು ಕಲ್ಲಿನ ಚಪ್ಪಡಿಯೊಂದು ಕೊಡಿ. ಕಲಬುರಗಿ ಕಡೆಯಿಂದ ಬರುವ ಶಹಾಬಾದ್ ಫರಶಿಯ ತುಂಡು ಇಲ್ಲಿನ ಯಾವ ಕಲ್ಲಿನಂಗಡಿಯಲ್ಲಾದರೂ ಸಿಗುತ್ತದೆ. ಸೊಪ್ಪನ್ನು ಒದ್ದೆಯಾಗಿಯೇ ಕೊಡಿ. ಗೋಡೆಗೊಂದು ಥರ್ಮಾಮೀಟರ್ ನೇತುಹಾಕಿ, ಅಂದಾಜಿನ ಮೇಲೆ ಹೋಗಬೇಡಿ. ಪುಣೆಯಲ್ಲಿ ಗುರುವಾರ ದುರಸ್ತಿಗೆಂದು ಕರೆಂಟ್ ತೆಗೆಯುವ ಪದ್ಧತಿ ಇರುವುದರಿಂದ ಅತ್ತಿಗೆ ಬುಧವಾರ ರಾತ್ರಿಯೇ ಬಾಟಲಿಗಳನ್ನು ಫ್ರೀಜರಿಗೆ ಸೇರಿಸುತ್ತಾರೆ.

ಮೈಚಾಚಿ ಬಿದ್ದುಕೊಂಡು, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೂತಿ ಒದ್ದೆಯಾಗಿ ಕಿವಿ ಕೆಂಪಗೆ ಬಿಸಿಯಾಗಿದ್ದರೆ ಅದು ಸೆಕೆಯ ಆಘಾತ. ನಲ್ಲಿಯ ಸಾದಾ ನೀರಿನಿಂದ ಕಿವಿಗಳನ್ನು ಒದ್ದೆ ಮಾಡಿ, ತಂಪು ಜಾಗಕ್ಕೆ ತನ್ನಿ, ಡಾಕ್ಟರಿಗೆ ಫೋನ್ ಮಾಡಿ ಹೊರಡಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ, ಆ ಆಘಾತವೂ ಕೊಲ್ಲಬಲ್ಲದು.

ಮಳೆಗಾಲದಲ್ಲಿ ನೊಣ. ಹಿಂಭಾಗ ಒದ್ದೆಯಾಗಿದ್ದರೆ, ಹಿಕ್ಕೆ ಮೆತ್ತಿದ್ದರೆ ನೊಣ ಮೊಟ್ಟೆಯಿಡುತ್ತದೆ, ಒಂದು ದಿನದೊಳಗೆ ಹುಳವಾಗಿ ಮಾಂಸ ತಿನ್ನತೊಡಗುತ್ತದೆ. ಜೂನ್‌ನಿಂದ ದಿನಕ್ಕೆರಡು ಸಲ ಬಾಲ ಎತ್ತಿ ನೋಡುವುದು ಕಡ್ಡಾಯ. ಹುಳ ಕಂಡರೆ ಆ ಗಂಟೆಯಲ್ಲೇ ಆಸ್ಪತ್ರೆ. ರೋಮ ದುಂಡಗೆ ಉದುರಿ ಚರ್ಮ ಹಕ್ಕಳೆಗಟ್ಟಿದ್ದರೆ ಹುಳಕಡ್ಡಿ ಇರಬಹುದು, ಅದು ಮಕ್ಕಳಿಗೂ ಹರಡುತ್ತದೆ. ಯಾವ ಕಾಲದಲ್ಲೂ ಸ್ನಾನ ಮಾಡಿಸಬೇಡಿ. ಕೊಳೆಯಾದ ಭಾಗವನ್ನಷ್ಟೇ ಒರೆಸಿ, ಪೂರ್ತಿ ಒಣಗಿಸಿ.

ಹೆಜ್ಜೆ 7: ಮಕ್ಕಳ ಕೈ

ನಿಯಮ ಒಂದೇ: ಮಗು ನೆಲದ ಮೇಲೆ ಕೂರಬೇಕು, ಮೊಲ ತಾನಾಗಿ ಬರಬೇಕು. ಮೊಲದ ಎಲುಬು ಹಗುರ, ಹಿಂಗಾಲಿನ ಬಲ ಜೋರು. ಎತ್ತಿದಾಗ ಗಾಬರಿಯಿಂದ ಒದ್ದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಲ್ಲದು. ದೊಡ್ಡವರು ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ, ಮೈಗೆ ಒತ್ತಿಕೊಂಡು. ಕಿವಿ ಹಿಡಿದು ಎತ್ತುವುದನ್ನು ಯಾರೇ ಮಾಡಿದರೂ ತಡೆಯಿರಿ. ಮಗುಚಿ ಮಲಗಿಸಿದರೆ ಮೊಲ ಸ್ತಬ್ಧವಾಗುವ ವಿಡಿಯೋಗಳು ಮೊಬೈಲಿನಲ್ಲಿ ಓಡಾಡುತ್ತವೆ. ಅದು ಸುಖವಲ್ಲ, ಬೇಟೆಗೆ ಸಿಕ್ಕ ಪ್ರಾಣಿಯ ಭಯ. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ, ಅರ್ಥಮಾಡಿಕೊಳ್ಳುತ್ತಾರೆ.

ಹಿಂಗಾಲಿನಿಂದ ನೆಲ ಬಡಿದರೆ ಹೆದರಿಕೆ. ಗಾಳಿಯಲ್ಲಿ ಹಾರಿ ಮೈ ತಿರುಚಿದರೆ ಖುಷಿ. ಮೆಲ್ಲಗೆ ಹಲ್ಲು ಕಡಿದರೆ ನೆಮ್ಮದಿ, ಮುದುಡಿ ಕೂತು ಜೋರಾಗಿ ಕಡಿದರೆ ನೋವು. ಗಣೇಶೋತ್ಸವದ ಢೋಲ್‌ತಾಶೆ, ದೀಪಾವಳಿಯ ಪಟಾಕಿಯ ರಾತ್ರಿಗಳಲ್ಲಿ ಕಿಟಕಿ ಮುಚ್ಚಿ, ಮನೆಯ ಒಳಕೋಣೆಯಲ್ಲಿಟ್ಟು, ಯಾರಾದರೂ ಜೊತೆಗಿರಿ. ಹೆದರಿದ ಮೊಲ ತಿನ್ನುವುದನ್ನು ಬಿಡುತ್ತದೆ.

ಹೆಜ್ಜೆ 8: ಆಪರೇಷನ್, ಜೋಡಿ

ಹೆಣ್ಣು ಮೊಲಕ್ಕೆ ಸಂತಾನಹರಣ ಮಾಡಿಸದಿದ್ದರೆ ನಾಲ್ಕು ವರ್ಷ ದಾಟಿದ ಮೇಲೆ ಗರ್ಭಕೋಶದ ಕ್ಯಾನ್ಸರ್ ಬರುವುದು ತೀರಾ ಸಾಮಾನ್ಯ. ಗಂಡಿಗೆ ನಾಲ್ಕು ತಿಂಗಳ ಸುಮಾರಿಗೆ, ಹೆಣ್ಣಿಗೆ ಆರು ತಿಂಗಳ ಹತ್ತಿರ ಮಾಡಿಸಬಹುದು. ಮಾಡಿಸದ ಗಂಡು ಸೋಫಾಕ್ಕೆಲ್ಲ ಮೂತ್ರ ಚಿಮ್ಮಿಸುತ್ತದೆ. ಹೆಣ್ಣಿನ ಬಸಿರು ಒಂದೇ ತಿಂಗಳು, ಹೆತ್ತ ದಿನವೇ ಮತ್ತೆ ಬಸಿರಾಗಬಲ್ಲದು. ಖರ್ಚು ಹೆಚ್ಚಿನ ಕಡೆ ಮೊಲದ ಬೆಲೆಗಿಂತ ಜಾಸ್ತಿ. ಮೊಲ ಕೊಳ್ಳುವ ದಿನವೇ ಆ ಹಣವನ್ನು ತೆಗೆದಿಡಿ.

ಮೊಲ ಗುಂಪಿನ ಪ್ರಾಣಿ, ಇಡೀ ದಿನ ಖಾಲಿ ಇರುವ ಮನೆಯಲ್ಲಿ ಒಂಟಿ ಮೊಲ ಬಾಡುತ್ತದೆ. ಆಪರೇಷನ್ ಆದ ಒಂದು ಗಂಡು, ಒಂದು ಹೆಣ್ಣು ಒಳ್ಳೆಯ ಜೋಡಿ. ಗಂಡು ಆಪರೇಷನ್ ಆಗಿ ಕೆಲವು ವಾರ ಫಲವಂತನೇ ಆಗಿರುವುದರಿಂದ ಒಂದೂವರೆ ತಿಂಗಳು ದೂರವಿಡಿ. ಆಮೇಲೂ ನೇರ ಸೇರಿಸುವಂತಿಲ್ಲ. ಅಕ್ಕಪಕ್ಕದ ಬೇಲಿಯಲ್ಲಿಟ್ಟು, ಜಮಖಾನೆ ಅದಲುಬದಲು ಮಾಡಿ, ನಂತರ ಇಬ್ಬರಿಗೂ ಹೊಸದಾದ ಜಾಗದಲ್ಲಿ ನಿಮ್ಮ ಕಣ್ಣೆದುರು ಬಿಡಿ. ಕಾಲಿನ ಪಕ್ಕ ದಪ್ಪ ಟವೆಲ್ ಇರಲಿ, ಕಚ್ಚಾಟವಾದರೆ ಬರಿಗೈ ಹಾಕಬೇಡಿ.

ಹೆಜ್ಜೆ 9: ವಾರದ ತಪಾಸಣೆ, ಅಪಾಯದ ಗುರುತು

ಭಾನುವಾರ ಅಡುಗೆಮನೆಯ ತಕ್ಕಡಿಯಲ್ಲಿ ಬುಟ್ಟಿಯಿಟ್ಟು ತೂಗಿ ಬರೆದಿಡಿ. ಒಂದೂವರೆ ಕೆಜಿಯ ಮೊಲ 150 ಗ್ರಾಂ ಕಳೆದುಕೊಂಡರೆ ಅದು ದೊಡ್ಡ ಸಂಗತಿ. ಎರಡೂ ಕಿವಿಗಳನ್ನು ಎತ್ತಿ ನೋಡಿ ಮೂಸಿ, ಬುಡವನ್ನು ಮೆಲ್ಲಗೆ ಒತ್ತಿ. ನೋವಿದ್ದರೆ ತಲೆ ಕೊಡವುತ್ತದೆ. ಇಯರ್‌ಬಡ್ ಹಾಕಬೇಡಿ, ಗುಗ್ಗೆ ಇನ್ನೂ ಒಳಗೆ ಹೋಗುತ್ತದೆ. ಮುಂದಿನ ಹಲ್ಲು, ಗಲ್ಲದ ಒದ್ದೆ, ಹಿಮ್ಮಡಿ, ಕಣ್ಣು ನೋಡಿ. ಉಗುರು ಕತ್ತರಿಸುವುದು ತಿಂಗಳಿಗೊಮ್ಮೆ, ಒಳಗಿನ ಗುಲಾಬಿ ನರ ತಪ್ಪಿಸಿ. ರೋಮ ಉದುರುವ ಕಾಲದಲ್ಲಿ ದಿನಾ ಬಾಚಿ.

ಇಡೀ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನಿಡಿ: ಮೊಲ ಹತ್ತು ಹನ್ನೆರಡು ಗಂಟೆ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ಅದು ತುರ್ತು ಪರಿಸ್ಥಿತಿ. "ನಾಳೆ ನೋಡೋಣ" ಎಂದು ಮಲಗುವಂತಿಲ್ಲ. ಕರುಳು ನಿಂತಿದೆ, ಗ್ಯಾಸು ತುಂಬುತ್ತಿದೆ. ಹಿಕ್ಕೆ ಚಿಕ್ಕದಾಗುತ್ತ, ಆಕಾರಗೆಡುತ್ತ ಬಂದರೆ ಅದೇ ಮೊದಲ ಸೂಚನೆ, ಆದ್ದರಿಂದ ಟ್ರೇ ಬಳಿಯುವ ಕೆಲಸವನ್ನು ಕೆಲಸದವರಿಗೆ ಬಿಡದೆ ಮನೆಯವರೇ ಮಾಡುವುದು ಲೇಸು. ಹೊಟ್ಟೆ ಬಲೂನಿನಂತೆ ಬಿಗಿದಿದ್ದರೆ ಬಲವಂತವಾಗಿ ತಿನ್ನಿಸಬೇಡಿ. ನೋವಿನ ಔಷಧಿ ಯಾವುದು, ಎಷ್ಟು ಎಂದು ಡಾಕ್ಟರೇ ಹೇಳಬೇಕು, ಮಕ್ಕಳ ಸಿರಪ್ಪು ಕೊಡುವ ಸಾಹಸ ಬೇಡ. ಕತ್ತು ವಾಲುವುದು, ಬಾಯಿಂದ ಉಸಿರಾಟ, ಮೂತ್ರ ಕಟ್ಟುವುದು, ಹಿಂಗಾಲು ಎಳೆಯುವುದು ಇವಕ್ಕೂ ಅದೇ ದಿನ ಆಸ್ಪತ್ರೆ.

ಹೆಜ್ಜೆ 10: ಊರಿಗೆ ಹೋಗುವಾಗ

ಮುಂಬಯಿಯ ಕನ್ನಡದವರಿಗೆ ಮೇ ತಿಂಗಳೆಂದರೆ ಊರು. ಮೊಲಕ್ಕೆ ಅದೇ ತಿಂಗಳು ಅತಿ ಕಷ್ಟದ್ದು. ಮೇ ತಿಂಗಳಲ್ಲಿ ಉಡುಪಿಗೋ ಮಂಗಳೂರಿಗೋ ಮೊಲವನ್ನು ಹೊತ್ತೊಯ್ಯುವ ಯೋಚನೆ ಬಿಟ್ಟುಬಿಡಿ. ರೈಲಿನ ಸೆಕೆ, ಸದ್ದು, ಅಪರಿಚಿತರ ಕೈ, ಮೂರೂ ಅದಕ್ಕೆ ಹಿಂಸೆ. ಮನೆಯಲ್ಲೇ ಬಿಟ್ಟು, ದಿನಕ್ಕೆರಡು ಸಲ ಬಂದು ನೋಡುವವರನ್ನು ಒಪ್ಪಿಸಿ. ಮೊಲ ಸಾಕುವ ಇನ್ನೊಂದು ಮನೆಯ ಜೊತೆ ಸರದಿ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ನೋಡಿಕೊಳ್ಳುವವರು ಮೊದಲೇ ಒಂದೆರಡು ಸಲ ಬಂದು ನಿಮ್ಮೆದುರು ಊಟ ಹಾಕಿ, ಟ್ರೇ ಬಳಿದು ಹೋಗಲಿ. ಫ್ರಿಜ್ಜಿನ ಮೇಲೆ ಕಾಗದ ಅಂಟಿಸಿ: ಪೆಲೆಟ್ ಎಷ್ಟು ಚಮಚ, ಯಾವ ಸೊಪ್ಪು, ಎಸಿ ಎಷ್ಟಕ್ಕೆ, ಇಬ್ಬರು ಡಾಕ್ಟರ ನಂಬರು, ಹಿಕ್ಕೆ ಕಾಣದಿದ್ದರೆ ಎಷ್ಟು ಗಂಟೆ ಕಾಯಬಹುದು. ಆಸ್ಪತ್ರೆಗೆ ಬೇಕಾಗುವ ಹಣವನ್ನು ಅವರ ಕೈಯಲ್ಲಿಡಿ. ನಿಮ್ಮನ್ನು ಕೇಳದೆ ಚಿಕಿತ್ಸೆ ಶುರುಮಾಡಿಸಬಹುದು ಎಂದು ಡಾಕ್ಟರಿಗೆ ಮೊದಲೇ ಬರೆದುಕೊಟ್ಟು ಹೊರಡಿ, ಏಕೆಂದರೆ ಕೊಂಕಣ ರೈಲ್ವೆಯ ಸುರಂಗಗಳಲ್ಲಿ ನಿಮ್ಮ ಫೋನು ಹತ್ತುವುದಿಲ್ಲ.